ಮದುವೆ ಆಲ್ಬಂ: ತುಮಕೂರಿನ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ತುಮಕೂರಿನಲ್ಲಿ ಕೂತು ಗುಬ್ಬಿ, ಕುಣಿಗಲ್, ಶಿರಾ, ಮಧುಗಿರಿ ಕಡೆಯ ಸ್ಟುಡಿಯೋಗಳಿಗೆ ಮದುವೆ ಆಲ್ಬಂ ಡಿಸೈನ್ ಮಾಡಿಕೊಡುವುದು ನನ್ನ ಕೆಲಸ. ಫೋಟೋ ತೆಗೆಯುವವರು ಬೇರೆ, ಪ್ರಿಂಟ್ ಹಾಕುವವರು ಬೇರೆ, ನಡುವೆ ನಾನು. ಹಾಗಾಗಿ ಎರಡೂ ಕಡೆಯ ಬೈಗುಳ ನನಗೇ ಬರುತ್ತದೆ, ಪ್ರಶ್ನೆಗಳೂ ನನಗೇ ಬರುತ್ತವೆ. ಮನೆಯವರು ಜಾಸ್ತಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಬರೆದಿದ್ದೇನೆ. ನಾನು ನೋಡಿದ ಮಟ್ಟಿಗೆ ಆಲ್ಬಂ ಪ್ರಿಂಟಿನಲ್ಲಿ ಕೆಡುವುದು ಕಡಿಮೆ, ಫೋಟೋ ಆರಿಸುವಾಗಲೇ ಕೆಡುವುದು ಜಾಸ್ತಿ. ಅದಕ್ಕೇ ಮೊದಲು ಆ ಪ್ರಶ್ನೆಗಳು.

ಮೂರು ಸಾವಿರ ಫೋಟೋ ಕೊಟ್ಟಿದ್ದಾರೆ. ಆಲ್ಬಂಗೆ ಎಷ್ಟು ಆರಿಸಬೇಕು?

ಆಲ್ಬಂ ಬಿಚ್ಚಿದಾಗ ಎಡ ಬಲ ಸೇರಿ ಒಟ್ಟಿಗೆ ಕಾಣುತ್ತದಲ್ಲ, ಅದು ಒಂದು ಶೀಟ್. ಅಂದರೆ ಎರಡು ಪುಟ. 30 ಶೀಟಿನ ಆಲ್ಬಂಗೆ ಶೀಟಿಗೆ ನಾಲ್ಕೈದು ಫೋಟೋ ಹಿಡಿದರೆ 120ರಿಂದ 150 ಸಾಕು. ಬಹಳ ಮನೆಯವರು 400 ಆರಿಸಿ ಕಳಿಸುತ್ತಾರೆ. "ಹೆಂಗಾದ್ರೂ ಹೊಂದಿಸಿ ಸಾರ್" ಅನ್ನುತ್ತಾರೆ. ಹೊಂದಿಸಬಹುದು, ಆದರೆ ಪುಟಕ್ಕೆ ಏಳು ಫೋಟೋ ತುರುಕಿದರೆ ಅಜ್ಜಿಯ ಮುಖ ಸಾಸಿವೆಯಷ್ಟಾಗುತ್ತದೆ. ನಾಳೆ ಆಲ್ಬಂ ಬಿಚ್ಚಿ ನೋಡುವವರು ಆ ಅಜ್ಜಿಯೇ, ಅಲ್ವಾ?

ಫೋಟೋ ಬಿಡಲು ಮನಸ್ಸೇ ಬರದಿದ್ದರೆ ಶೀಟ್ ಜಾಸ್ತಿ ಮಾಡಿಸಿ, ಇಲ್ಲವೇ ಎರಡು ಪುಸ್ತಕ ಮಾಡಿಸಿ. ಮುಹೂರ್ತಕ್ಕೊಂದು, ಆರತಕ್ಷತೆಗೊಂದು. ಒಂದರಲ್ಲೇ ಎಲ್ಲ ತುಂಬಬೇಡಿ.

ಆರಿಸುವುದು ಹೇಗೆ? ಎಲ್ಲವೂ ಒಂದೇ ತರ ಕಾಣುತ್ತವೆ.

ಹೌದು, ಅದೇ ಕಷ್ಟ. ಮುಹೂರ್ತದ ಹೊತ್ತಿನ ಫೋಟೋಗಳನ್ನೇ ನೋಡಿ. ತಾಳಿ ಕಟ್ಟುವ ಅರ್ಧ ನಿಮಿಷದಲ್ಲಿ ಕ್ಯಾಮೆರಾ ಒಂದೇ ಸಮ ಓಡಿರುತ್ತದೆ. ಮೊದಲ ಫೋಟೋದಲ್ಲಿ ಗಂಡಿನ ಕೈ ಹುಡುಗಿಯ ಕತ್ತಿನ ಹಿಂದೆ ಇದೆ, ಅಕ್ಷತೆ ಇನ್ನೂ ಜನರ ಮುಷ್ಟಿಯಲ್ಲಿದೆ. ಎರಡನೆಯದರಲ್ಲಿ ಅಕ್ಷತೆ ಗಾಳಿಯಲ್ಲಿದೆ, ಆದರೆ ಒಂದು ಕಾಳು ಸರಿಯಾಗಿ ಹುಡುಗಿಯ ಕಣ್ಣಿನ ಮೇಲೇ ಬಂದಿದೆ. ಮೂರನೆಯದರಲ್ಲಿ ಎಲ್ಲ ಚೆನ್ನಾಗಿದೆ, ಯಾರದೋ ಮೊಬೈಲ್ ಅಡ್ಡ ಬಂದಿದೆ. ನಾಲ್ಕನೆಯದರಲ್ಲಿ ನಾದಿನಿ ಜಡೆ ಎತ್ತಿ ಹಿಡಿದಿದ್ದಾಳೆ, ಹುಡುಗಿಯ ಅಪ್ಪ ಪಂಚೆಯ ತುದಿಯಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಆದರೆ ಗಂಡಿನ ಮುಖ ಸ್ವಲ್ಪ ಬ್ಲರ್. ನನ್ನನ್ನು ಕೇಳಿದರೆ ನಾಲ್ಕನೆಯದನ್ನೇ ದೊಡ್ಡದಾಗಿ ಹಾಕಿ ಅನ್ನುತ್ತೇನೆ. ಗಂಡಿನ ಮುಖ ಚೆನ್ನಾಗಿ ಬಂದ ಫೋಟೋ ಬೇರೆ ನೂರಿವೆ, ಅಪ್ಪ ಕಣ್ಣು ಒರೆಸಿಕೊಂಡದ್ದು ಒಂದೇ.

ನಾನು ಹೇಳುವ ಕ್ರಮ ಇಷ್ಟೇ. ಮೊದಲ ಸಲ ಬೇಗ ಬೇಗ ನೋಡಿ, ಕಣ್ಣು ಮುಚ್ಚಿದ್ದು, ಅಲುಗಾಡಿದ್ದು, ಒಂದೇ ತರದ್ದು ಎಲ್ಲ ತೆಗೆದುಬಿಡಿ. ಎರಡನೇ ಸಲ ಶಾಸ್ತ್ರದ ಲೆಕ್ಕದಲ್ಲಿ ನೋಡಿ: ಚಪ್ಪರ, ಅರಿಶಿನ, ಬಳೆ ಶಾಸ್ತ್ರ, ವರಪೂಜೆ, ಧಾರೆ, ತಾಳಿ, ಸಪ್ತಪದಿ, ಅರುಂಧತಿ. ಯಾವುದೂ ತಪ್ಪಬಾರದು. ಮೂರನೇ ಸಲ ಜನರ ಲೆಕ್ಕ. ಇದಕ್ಕೆ ಮನೆಯ ಹಿರಿಯರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಸೋದರಮಾವನ ಫೋಟೋ ಒಂದೂ ಇಲ್ಲ ಅನ್ನುವುದು ಅವರಿಗೆ ಮಾತ್ರ ಹೊಳೆಯುತ್ತದೆ. ಹುಡುಗ ಹುಡುಗಿ ಇಬ್ಬರೇ ಕೂತು ಆರಿಸಿದರೆ ಅವರಿಬ್ಬರ ಫೋಟೋ, ಗೆಳೆಯರ ಫೋಟೋ ಬಿಟ್ಟು ಬೇರೇನೂ ಬರುವುದಿಲ್ಲ. ಆಮೇಲೆ ಆಲ್ಬಂ ಮನೆಗೆ ಬಂದ ದಿನ ಜಗಳ.

ಸ್ಕ್ರೀನ್‌ಶಾಟ್ ಕಳಿಸಿದರೆ ಸಾಕಾ?

ಸಾಕಾಗುವುದಿಲ್ಲ. ಫೈಲ್ ನಂಬರ್ ಬೇಕು. ಅದರಲ್ಲೂ ಒಂದು ತೊಡಕಿದೆ. ಸಾಂಪ್ರದಾಯಿಕ ಫೋಟೋಗೆ ಒಬ್ಬರು, ಕ್ಯಾಂಡಿಡ್‌ಗೆ (ನಿಲ್ಲಿಸದೆ ಸಹಜವಾಗಿ ತೆಗೆಯುವ ಫೋಟೋಗೆ) ಒಬ್ಬರು ಬಂದಿದ್ದರೆ ಎರಡು ಕ್ಯಾಮೆರಾದಲ್ಲೂ 4512ನೇ ನಂಬರಿನ ಫೋಟೋ ಇರಬಹುದು. ಕ್ಯಾಮೆರಾದ ಎಣಿಕೆ 9999 ಆದ ಮೇಲೆ ಮತ್ತೆ 0001ಕ್ಕೆ ಬರುತ್ತದೆ ಬೇರೆ. ಸುಮ್ನೆ ನಂಬರ್ ಬರೆಯುವುದರ ಬದಲು ಒಂದು ಹೊಸ ಫೋಲ್ಡರ್ ಮಾಡಿ, ಬೇಕಾದ ಫೈಲುಗಳನ್ನೇ ಅದಕ್ಕೆ ಕಾಪಿ ಮಾಡಿ ಕೊಡಿ. ಹೆಸರು ಮಾತ್ರ ಬದಲಾಯಿಸಬೇಡಿ, ಮೂಲ ಫೈಲ್ ಹುಡುಕಲು ಅದೇ ದಾರಿ.

ಸಂಬಂಧಿಕರು ಮೊಬೈಲಿನಲ್ಲಿ ತೆಗೆದ ಫೋಟೋ ಹಾಕಬಹುದಾ?

ಹಾಕಬಹುದು, ಹಾಕಬೇಕು ಕೂಡ. ಅಡುಗೆ ಮನೆಯ ಗಲಾಟೆ, ಬಸ್ಸಿನಲ್ಲಿ ದಿಬ್ಬಣ ಬಂದದ್ದು, ಇವೆಲ್ಲ ಫೋಟೋಗ್ರಾಫರ್ ಹತ್ತಿರ ಇರುವುದಿಲ್ಲ. ಆದರೆ ವಾಟ್ಸಾಪಿನಲ್ಲಿ ಫೋಟೋ ಆಗಿ ಬಂದದ್ದು ಕುಗ್ಗಿರುತ್ತದೆ. ಸಾಮಾನ್ಯವಾಗಿ ಉದ್ದದ ಕಡೆ 1600 ಪಿಕ್ಸೆಲ್ ಆಸುಪಾಸು. ಪ್ರಿಂಟಿಗೆ ಇಂಚಿಗೆ 300 ಪಿಕ್ಸೆಲ್ ಬೇಕು ಅಂತ ಹಿಡಿದರೆ ಅದು ಐದು ಇಂಚು ಚಿಲ್ಲರೆಗೆ ಮಾತ್ರ ಸಾಕು. ಪುಟದ ಮೂಲೆಯಲ್ಲಿ ಪುಟ್ಟದಾಗಿ ಹಾಕಬಹುದು, ಪುಟದ ತುಂಬ ಹಿಗ್ಗಿಸಲಾಗದು. ಅದೇ ಫೋಟೋವನ್ನು ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ, ಆಗ ಮೂಲ ಗಾತ್ರದಲ್ಲೇ ಬರುತ್ತದೆ.

12×36 ಅಂದರೆ ಏನು? ಯಾವ ಸೈಜ್ ಒಳ್ಳೆಯದು?

12 ಇಂಚು ಎತ್ತರ, ಬಿಚ್ಚಿದಾಗ 36 ಇಂಚು ಅಗಲ. ಮುಚ್ಚಿದಾಗ 12×18. ನಮ್ಮ ಕಡೆ ಜಾಸ್ತಿ ನಡೆಯುವುದು ಇದೇ. ಗಟ್ಟಿ ಪುಟದ ಇಂಥ ಆಲ್ಬಂಗೆ ಈಗಲೂ ಬಹಳ ಜನ ಕರಿಜ್ಮಾ ಅಂತಲೇ ಅನ್ನುತ್ತಾರೆ. 12×30, 12×24 ಕೂಡ ಇವೆ. ದೊಡ್ಡದು ನೋಡಲು ಗತ್ತು, ನಿಜ. ಆದರೆ ಗಟ್ಟಿ ಪುಟದ ನಲವತ್ತು ಶೀಟಿನ 12×36 ಆಲ್ಬಂ ಭಾರ. ವಯಸ್ಸಾದವರು ತೊಡೆಯ ಮೇಲೆ ಇಟ್ಟುಕೊಂಡು ನೋಡಲು ಆಗುವುದಿಲ್ಲ. ಬೀರುವಿನಲ್ಲಿ ಹಿಡಿಸುತ್ತದಾ ಅಂತ ಕೂಡ ಮೊದಲೇ ಅಳೆದು ನೋಡಿ, ತಮಾಷೆ ಮಾಡುತ್ತಿಲ್ಲ. ಫೋಟೋ ಕಡಿಮೆ ಇದ್ದರೆ 12×30 ನನಗೆ ಇಷ್ಟ.

ಒಂದೇ ಫೋಟೋವನ್ನು ಎರಡೂ ಪುಟದ ತುಂಬ ಹಾಕಿಸಬಹುದಾ?

ಒಂದು ಆಲ್ಬಂನಲ್ಲಿ ಮೂರೋ ನಾಲ್ಕೋ ಹಾಕಿದರೆ ಚೆನ್ನ. ಎರಡು ವಿಷಯ ಗಮನಿಸಿ. 12×36 ಶೀಟಿಗೆ 300ರ ಲೆಕ್ಕದಲ್ಲಿ 10800×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾ ಕೊಡುವುದು 6000×4000. ಅಂದರೆ ಇಂಚಿಗೆ 166 ಸಿಗುತ್ತದೆ. ಫೋಕಸ್ ಸರಿಯಿದ್ದರೆ ಇದು ನಡೆಯುತ್ತದೆ, ತೊಂದರೆ ಇಲ್ಲ. ಆದರೆ ಅದೇ ಫೋಟೋವನ್ನು ಅರ್ಧ ಕ್ರಾಪ್ ಮಾಡಿ ಹಿಗ್ಗಿಸಿದರೆ ಸೀರೆಯ ಜರಿ ಮಸುಕಾಗುತ್ತದೆ.

ಇನ್ನೊಂದು, ನಡುವಿನ ಮಡಿಕೆ. ಪುಟ ಪೂರ್ತಿ ಚಪ್ಪಟೆಯಾಗಿ ಬಿಚ್ಚಿಕೊಂಡರೂ ಮಡಿಕೆಯ ಗೆರೆ ಇದ್ದೇ ಇರುತ್ತದೆ. ಗಂಡು ಹೆಣ್ಣು ಜೊತೆಯಾಗಿ ಸರಿಯಾಗಿ ನಡುವೆ ನಿಂತಿದ್ದರೆ ಗೆರೆ ಒಬ್ಬರ ಮುಖದ ಮೇಲೇ ಬೀಳುತ್ತದೆ. ಜೋಡಿಯನ್ನು ಒಂದು ಪುಟಕ್ಕೆ ಸರಿಸಿ, ಇನ್ನೊಂದು ಪುಟಕ್ಕೆ ಮಂಟಪವೋ ಬೆಟ್ಟವೋ ಬರುವಂಥ ಫೋಟೋ ಆರಿಸಬೇಕು. ಅಂಚಿನಲ್ಲಿ ಕೂಡ ಅರ್ಧ ಇಂಚು ಬಿಡಬೇಕು. ಬೈಂಡಿಂಗ್ ಆದ ಮೇಲೆ ಮೂರೂ ಕಡೆ ಕಟಿಂಗ್ ಆಗುತ್ತದೆ, ತುದಿಯಲ್ಲಿ ನಿಂತ ಚಿಕ್ಕಪ್ಪನ ಭುಜ ಹೋಗುತ್ತದೆ.

ಪ್ರಿ-ವೆಡ್ಡಿಂಗ್ ಫೋಟೋ ಇದೇ ಆಲ್ಬಂನಲ್ಲಿ ಇರಲಾ?

ಮೊದಲಿಗೆ ಎರಡು ಮೂರು ಶೀಟ್ ಸಾಕು. ದೇವರಾಯನದುರ್ಗದ ಮಂಜು, ಮಧುಗಿರಿಯ ಏಕಶಿಲೆ ಹಿಂದೆ ಕಾಣುವ ಬಯಲು, ಇಂಥವು ಅಗಲವಾದ ಶೀಟಿಗೆ ಹೇಳಿ ಮಾಡಿಸಿದಂತೆ ಹೊಂದುತ್ತವೆ. ಅಲ್ಲಿ ಜೋಡಿ ಸಣ್ಣದಾಗಿ ಇದ್ದರೂ ಪರವಾಗಿಲ್ಲ, ಬಂಡೆಯೇ ಮಾತಾಡುತ್ತದೆ. ಕಾಡಿನ ಜಾಗ, ಕೋಟೆ, ಗುಡಿ ಎಲ್ಲೇ ಆಗಲಿ ಮೊದಲು ಅಲ್ಲಿನವರ ಅನುಮತಿ ಕೇಳಿಕೊಂಡು ಹೋಗಿ.

ಬಣ್ಣ ಯಾಕೆ ಮೊಬೈಲಿನಲ್ಲಿ ಕಂಡ ಹಾಗೆ ಬರುವುದಿಲ್ಲ?

ಮೊಬೈಲ್ ಪರದೆ ಒಳಗಿನಿಂದ ಬೆಳಕು ಬಿಡುತ್ತದೆ, ಪೇಪರ್ ಬಿಡುವುದಿಲ್ಲ. ಬ್ರೈಟ್‌ನೆಸ್ ಪೂರ್ತಿ ಇಟ್ಟು ನೋಡಿದ ಫೋಟೋ ಪ್ರಿಂಟಿನಲ್ಲಿ ಒಂದು ಕೈ ಕಪ್ಪಾಗಿಯೇ ಕಾಣುತ್ತದೆ. ಅದಕ್ಕೆ ಡಿಸೈನ್ ಮಾಡುವವರು ಮಾನಿಟರನ್ನು ಅಳತೆಗೆ ಹೊಂದಿಸಿಕೊಂಡಿರಬೇಕು. ಪ್ರಿಂಟ್ ಹಾಕುವ ಲ್ಯಾಬ್ ಕೇಳುವ ಕಲರ್ ಪ್ರೊಫೈಲ್‌ನಲ್ಲೇ ಫೈಲ್ ಕಳಿಸಬೇಕು, ಬಹಳ ಕಡೆ ಅದು ಎಸ್‌ಆರ್‌ಜಿಬಿ.

ಇದರ ಜೊತೆಗೆ ಛತ್ರದ ಲೈಟಿನ ಕಾಟ. ಸ್ಟೇಜಿನ ಹಿಂದೆ ಎಲ್‌ಇಡಿ ಗೋಡೆ ನಿಲ್ಲಿಸುತ್ತಾರಲ್ಲ, ಅದರಿಂದ ಮುಖದ ಒಂದು ಬದಿ ನೀಲಿಯೋ ನೇರಳೆಯೋ ಆಗುತ್ತದೆ. ಕೆಲವು ಎಲ್‌ಇಡಿ ದೀಪಗಳ ಮಿನುಗಿನಿಂದ ಫೋಟೋದಲ್ಲಿ ಅಡ್ಡ ಪಟ್ಟೆ ಬೀಳುತ್ತದೆ. ಪಟ್ಟೆ ಬಿದ್ದ ಮೇಲೆ ಡಿಸೈನರ್ ಮಾಡುವುದು ಬಹಳ ಕಡಿಮೆ. ಆರತಕ್ಷತೆಗೆ ಡೆಕೋರೇಷನ್ ಒಪ್ಪಿಸುವಾಗಲೇ ಮುಖದ ಮೇಲೆ ಬೀಳುವ ದೀಪ ಬಿಳಿಯದೇ ಇರಲಿ ಅಂತ ಹೇಳಿಬಿಡಿ. ಎಲ್ಲಾ ಎಡಿಟಿಂಗಿಗಿಂತ ಅದು ಅಗ್ಗ.

ಕೆಂಪು ರೇಷ್ಮೆ ಸೀರೆಗೂ ಒಂದು ಮಾತು. ಬಣ್ಣ ಎದ್ದು ಕಾಣಲಿ ಅಂತ ಸ್ಯಾಚುರೇಷನ್ (ಬಣ್ಣದ ಗಾಢತೆ) ಏರಿಸಿದರೆ ಕೆಂಪು ಒಂದೇ ಮುದ್ದೆಯಾಗುತ್ತದೆ. ನೆರಿಗೆಯೂ ಕಾಣದು, ಬುಟ್ಟಾ ಕೂಡ ಕಾಣದು. ಪ್ರೂಫ್ (ಪ್ರಿಂಟಿಗೆ ಮೊದಲು ನೋಡಲು ಕಳಿಸುವ ಡಿಸೈನ್) ನೋಡುವಾಗ ಸೀರೆಯ ನೆರಿಗೆ ಎಣಿಸಲು ಆಗುತ್ತದಾ ನೋಡಿ. ಎಣಿಸಲು ಆದರೆ ಬಣ್ಣ ಸರಿಯಿದೆ ಅಂತ ಅರ್ಥ.

ಮುಖ ಸ್ವಲ್ಪ ಬೆಳ್ಳಗೆ ಮಾಡಿಕೊಡುತ್ತೀರಾ?

ಮಾಡುವುದಿಲ್ಲ. ಮೊಡವೆ ತೆಗೆಯುತ್ತೇನೆ, ಬೆವರಿನ ಹೊಳಪು ಇಳಿಸುತ್ತೇನೆ, ಅರಿಶಿನದ ಹಳದಿ ಜಾಸ್ತಿಯಾಗಿದ್ದರೆ ತಗ್ಗಿಸುತ್ತೇನೆ. ಬಣ್ಣ ಬದಲಾಯಿಸಿದರೆ ಮುಖ ಒಂದು ಬಣ್ಣ, ಕಿವಿ ಒಂದು ಬಣ್ಣ, ಮೆಹಂದಿ ಹಾಕಿದ ಕೈ ಇನ್ನೊಂದು ಬಣ್ಣ ಆಗುತ್ತದೆ. ಇನ್ನೂ ಇಪ್ಪತ್ತು ವರ್ಷ ಆದ ಮೇಲೆ ಮಗಳು ನೋಡಿ "ಇದು ಯಾರಮ್ಮ?" ಅಂತ ಕೇಳಬಾರದಲ್ಲ.

ತೀರಿಕೊಂಡ ಅಪ್ಪನನ್ನು ನಮ್ಮ ಪಕ್ಕದಲ್ಲಿ ನಿಂತ ಹಾಗೆ ಸೇರಿಸಬಹುದಾ?

ಬಹಳ ಜನ ಕೇಳುತ್ತಾರೆ, ಕೇಳುವಾಗ ದನಿ ಸಣ್ಣದಾಗುತ್ತದೆ. ಸೇರಿಸಬಹುದು. ಆದರೆ ಹಳೆಯ ಫೋಟೋದಲ್ಲಿ ಬೆಳಕು ಒಂದು ಕಡೆಯಿಂದ, ಛತ್ರದ ಫೋಟೋದಲ್ಲಿ ಇನ್ನೊಂದು ಕಡೆಯಿಂದ ಬಿದ್ದಿರುತ್ತದೆ. ಎಷ್ಟೇ ತಿದ್ದಿದರೂ ಅವರು ಅಲ್ಲಿ ನಿಂತಿಲ್ಲ ಅನ್ನುವುದು ಕಣ್ಣಿಗೆ ಗೊತ್ತಾಗಿಬಿಡುತ್ತದೆ. ನಾನು ಬೇರೆ ತರ ಮಾಡಲು ಹೇಳುತ್ತೇನೆ. ಮನೆಯಲ್ಲಿರುವ ಅವರ ಒಳ್ಳೆಯ ಫೋಟೋ ಒಂದನ್ನು ಫ್ರೇಮಿನಿಂದ ಬಿಚ್ಚಿ ಸ್ಕ್ಯಾನ್ ಮಾಡಿಸಿ, ಮೊಬೈಲಿನಲ್ಲಿ ಗಾಜಿನ ಮೇಲಿಂದ ತೆಗೆಯಬೇಡಿ. 3×4 ಇಂಚಿನ ಫೋಟೋವನ್ನು 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿದರೆ ಆಲ್ಬಂನಲ್ಲಿ 6×8 ಇಂಚಿಗೆ ಚೆನ್ನಾಗಿ ಬರುತ್ತದೆ. ಅದನ್ನು ದೇವರ ಕಾರ್ಯದ ಶೀಟಿನಲ್ಲಿ, ಹುಡುಗ ಹುಡುಗಿ ಆ ಫೋಟೋಗೆ ಕೈಮುಗಿಯುವ ಚಿತ್ರದ ಎದುರು ಪುಟದಲ್ಲಿ ಹಾಕಿದರೆ ಸಹಜವಾಗಿರುತ್ತದೆ.

ಮುಯ್ಯಿ ಕೊಡಲು ಸ್ಟೇಜಿಗೆ ಬಂದವರೆಲ್ಲರ ಫೋಟೋ ಬರಲೇಬೇಕು. ಏನು ಮಾಡುವುದು?

ಕೊನೆಗೆ ಮೂರು ನಾಲ್ಕು ಶೀಟ್ ಅದಕ್ಕೇ ಇಡಿ. ಪುಟಕ್ಕೆ ಆರೋ ಎಂಟೋ, ಒಂದೇ ಸೈಜಿನಲ್ಲಿ, ಹೂವು ಬಳ್ಳಿ ಏನೂ ಇಲ್ಲದೆ. ಮುಖ ಹೆಬ್ಬೆರಳ ಉಗುರಿನಷ್ಟಾದರೂ ಇರಲಿ. ಶಾಸ್ತ್ರದ ಪುಟಗಳ ನಡುವೆ ಇವನ್ನು ಸಿಕ್ಕಿಸಿದರೆ ಎರಡೂ ಕೆಡುತ್ತವೆ. ಬೀಗರೂಟದ ಫೋಟೋ ಇದ್ದರೆ ಅದೂ ಅಲ್ಲೇ.

ಕನ್ನಡದಲ್ಲಿ ಹೆಸರು ಹಾಕಿಸಿದರೆ ಅಕ್ಷರ ಒಡೆಯುತ್ತದೆ, ಯಾಕೆ?

ಹಳೆಯ ಫೋಟೋಶಾಪ್ ಆವೃತ್ತಿಗಳಲ್ಲಿ ಯೂನಿಕೋಡ್ ಕನ್ನಡ ಸರಿಯಾಗಿ ಕೂರಬೇಕಾದರೆ ಟೈಪ್ ಸೆಟ್ಟಿಂಗಿನಲ್ಲಿ ಭಾರತೀಯ ಲಿಪಿಗಳಿಗೆ ಇರುವ ಆಯ್ಕೆ ಆನ್ ಆಗಿರಬೇಕು. ಇಲ್ಲದಿದ್ದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ಬಿದ್ದುಕೊಳ್ಳುತ್ತದೆ. ಲಕ್ಷ್ಮಿ, ಕೃಷ್ಣ ಅಂಥ ಹೆಸರುಗಳ ಗತಿ ಕೇಳಬೇಡಿ. ಅದಕ್ಕೇ ಬಹಳ ಡಿಸೈನರ್‌ಗಳು ಈಗಲೂ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡುತ್ತಾರೆ. ಯಾವುದರಲ್ಲಿ ಮಾಡಿದರೂ ಪರವಾಗಿಲ್ಲ, ಪ್ರೂಫಿನಲ್ಲಿ ಒಂದೊಂದು ಅಕ್ಷರ ಓದಿ ನೋಡಿ. ಲಗ್ನಪತ್ರಿಕೆಯ ಒಂದು ಫೋಟೋ ಡಿಸೈನರ್‌ಗೆ ಕಳಿಸಿದರೆ ಹೆಸರು, ತಾರೀಖು, ಛತ್ರ ಎಲ್ಲ ಅದನ್ನೇ ನೋಡಿ ಬರೆಯುತ್ತಾರೆ. ಫೋನಿನಲ್ಲಿ ಹೇಳಿ ಬರೆಸಬೇಡಿ.

ಇನ್ನು ಪುಟ ಪುಟಕ್ಕೂ ಇಂಗ್ಲಿಷಿನಲ್ಲಿ ಪ್ರೇಮದ ಸಾಲು ಹಾಕುವ ಚಟ ಇದೆಯಲ್ಲ, ದಯವಿಟ್ಟು ಬೇಡ ಅನ್ನಿ. ಆ ಸಾಲುಗಳು ರೆಡಿಮೇಡ್ ಟೆಂಪ್ಲೇಟಿನ ಜೊತೆಗೇ ಬರುತ್ತವೆ. ನಿಮ್ಮ ಆಲ್ಬಂನಲ್ಲಿರುವ ಸಾಲು ಪಕ್ಕದ ಬೀದಿಯವರ ಆಲ್ಬಂನಲ್ಲೂ ಇರುತ್ತದೆ.

ಪೇಪರ್ ಯಾವುದು ಹಾಕಿಸಲಿ?

ಗ್ಲಾಸಿಯಲ್ಲಿ ಬಣ್ಣ ಹೊಳೆಯುತ್ತದೆ, ಬೆರಳಚ್ಚೂ ಹೊಳೆಯುತ್ತದೆ. ಟ್ಯೂಬ್‌ಲೈಟಿನ ಕೆಳಗೆ ಕೂತು ನೋಡಿದರೆ ಅರ್ಧ ಫೋಟೋದಲ್ಲಿ ಟ್ಯೂಬ್‌ಲೈಟೇ ಕಾಣುತ್ತದೆ. ಮ್ಯಾಟ್ ಅಥವಾ ಸಿಲ್ಕ್ ಮನೆ ಬಳಕೆಗೆ ಒಳ್ಳೆಯದು. ಮೆಟಾಲಿಕ್ ಪೇಪರ್ ರಾತ್ರಿಯ ಆರತಕ್ಷತೆ ಫೋಟೋಗೆ ಚೆಂದ, ಆದರೆ ಬೆಳಗಿನ ಮುಹೂರ್ತದ ಚರ್ಮದ ಬಣ್ಣ ಅದರಲ್ಲಿ ಸ್ವಲ್ಪ ಕೃತಕ ಅನ್ನಿಸುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಹರಿಯದ ಶೀಟ್ ಕೇಳಿ, ಅದನ್ನು ಎನ್‌ಟಿ ಶೀಟ್ ಅನ್ನುತ್ತಾರೆ.

ಪ್ರಿಂಟಿಂಗಿನಲ್ಲೂ ಎರಡು ತರ. ಒಂದು, ಫೋಟೋ ಪೇಪರಿಗೆ ಬೆಳಕು ತಾಗಿಸಿ ಕೆಮಿಕಲ್‌ನಲ್ಲಿ ತೊಳೆಯುವುದು. ಇನ್ನೊಂದು, ಡಿಜಿಟಲ್ ಪ್ರೆಸ್‌ನಲ್ಲಿ ಇಂಕ್ ಹಾಕುವುದು. ಮೊದಲನೆಯದರಲ್ಲಿ ಚರ್ಮದ ಬಣ್ಣದ ಏರಿಳಿತ ನುಣುಪಾಗಿ ಬರುತ್ತದೆ. ಎರಡನೆಯದಕ್ಕೆ ಬೇರೆ ಬೇರೆ ತರದ ಪೇಪರ್ ಸಿಗುತ್ತದೆ. ಸ್ಟುಡಿಯೋದಲ್ಲಿ ಮಾತಿಗಿಂತ ಸ್ಯಾಂಪಲ್ ಕೇಳಿ. ಒಂದೇ ಫೋಟೋವನ್ನು ಎರಡು ಪೇಪರಿನಲ್ಲಿ ಹಾಕಿ ತೋರಿಸಿದರೆ ಕಿಟಕಿ ಹತ್ತಿರ ಹಿಡಿದು ನೋಡಿ.

ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು?

ರೇಟು ಸಾಮಾನ್ಯವಾಗಿ ಮೂರು ಭಾಗ: ಶೀಟಿನ ಪ್ರಿಂಟು, ಶೀಟಿನ ಡಿಸೈನು, ಆಮೇಲೆ ಕವರ್ ಮತ್ತು ಬಾಕ್ಸ್. ಒಟ್ಟು ಪ್ಯಾಕೇಜ್ ಅಂತ ಹೇಳಿದರೂ ಮೂರನ್ನೂ ಬಿಡಿಸಿ ಬರೆಸಿಕೊಳ್ಳಿ. ಶೀಟ್ ಜಾಸ್ತಿಯಾದರೆ ಒಂದಕ್ಕೆ ಎಷ್ಟು ಅನ್ನುವುದನ್ನೂ ಅಲ್ಲೇ ಬರೆಸಿ. ಜಗಳ ಆಗುವುದು ಅಲ್ಲೇ.

ಪೇಪರಿಗೆ, ಬೈಂಡಿಂಗಿಗೆ ಹಾಕಿ. ಲೈಟ್ ಹೊತ್ತಿಕೊಳ್ಳುವ ಬಾಕ್ಸ್, ಅಕ್ರಿಲಿಕ್ ಕವರಿನ ಮೇಲೆ ಕಲ್ಲು ಮುತ್ತು, ಸೂಟ್‌ಕೇಸಿನಂಥ ಪೆಟ್ಟಿಗೆ, ಇವೆಲ್ಲ ಮೊದಲ ವಾರದ ಸಂಭ್ರಮ. ಆಮೇಲೆ ಬ್ಯಾಟರಿ ಸತ್ತು ಹೋಗುತ್ತದೆ, ಪೆಟ್ಟಿಗೆ ಅಟ್ಟ ಸೇರುತ್ತದೆ. ಸಾದಾ ಲೆದರ್‌ನಂಥ ಕವರ್, ಒಂದು ಬಟ್ಟೆಯ ಚೀಲ. ಅಷ್ಟು ಸಾಕು.

ಗಂಡಿನ ಮನೆಗೆ ಒಂದು, ಹೆಣ್ಣಿನ ಮನೆಗೆ ಒಂದು. ಎರಡೂ ಒಂದೇ ಇರಲಾ?

ಮುಹೂರ್ತ, ಸಪ್ತಪದಿ, ಜೋಡಿ ಫೋಟೋದ ಶೀಟುಗಳು ಎರಡಕ್ಕೂ ಒಂದೇ ಇರಲಿ. ಚಪ್ಪರ, ಅರಿಶಿನ, ನೆಂಟರ ಶೀಟುಗಳನ್ನು ಮಾತ್ರ ಬದಲಾಯಿಸಿ. ಡಿಸೈನ್ ಖರ್ಚು ಪೂರ್ತಿ ಎರಡಾಗುವುದಿಲ್ಲ. ಬೀಗರ ಮನೆಯವರಿಗೆ ಅವರ ಫೋಟೋ ಆರಿಸಲು ಅವರಿಗೇ ಬಿಡಿ.

ಪ್ರೂಫ್ ಬಂದಾಗ ಏನು ನೋಡಬೇಕು? ಪ್ರಿಂಟ್ ಆದ ಮೇಲೆ ಒಂದು ಪುಟ ಬದಲಾಯಿಸಬಹುದಾ?

ಬದಲಾಯಿಸಲು ಆಗುವುದಿಲ್ಲ. ಅದಕ್ಕೇ ಪ್ರೂಫ್ ಮುಖ್ಯ. ಈ ಆಲ್ಬಂಗಳಲ್ಲಿ ಪ್ರತಿ ಶೀಟನ್ನು ನಡುವೆ ಮಡಚಿ, ಒಂದರ ಬೆನ್ನಿಗೆ ಇನ್ನೊಂದನ್ನು ಅಂಟಿಸಿ, ಒತ್ತಿ, ಆಮೇಲೆ ಅಂಚು ಕತ್ತರಿಸುತ್ತಾರೆ. ಒಂದು ಶೀಟ್ ಕಿತ್ತರೆ ಅದರ ಹಿಂದಿನದೂ ಮುಂದಿನದೂ ಹಾಳು. ಅಂದರೆ ಪುಸ್ತಕವೇ ಹೊಸದು.

ಪ್ರೂಫನ್ನು ಕಂಪ್ಯೂಟರಿನಲ್ಲೋ ಟಿವಿಯಲ್ಲೋ ದೊಡ್ಡದಾಗಿ ಹಾಕಿ ಮನೆಯವರೆಲ್ಲ ಒಟ್ಟಿಗೆ ನೋಡಿ. ಹೆಸರಿನ ಅಕ್ಷರ, ತಾರೀಖು, ಶಾಸ್ತ್ರಗಳ ಕ್ರಮ, ಒಂದೇ ಫೋಟೋ ಎರಡು ಸಲ ಬಂದಿದೆಯಾ, ಮಡಿಕೆಯಲ್ಲಿ ಮುಖ ಇದೆಯಾ, ಯಾವ ಫೋಟೋವನ್ನಾದರೂ ಕನ್ನಡಿಯಂತೆ ತಿರುಗಿಸಿದ್ದಾರಾ. ಕೊನೆಯದು ಬಹಳ ಜನರ ಕಣ್ಣು ತಪ್ಪಿಸಿಕೊಳ್ಳುತ್ತದೆ. ಜಾಗಕ್ಕೆ ಹೊಂದಲಿ ಅಂತ ಡಿಸೈನರ್ ಫೋಟೋ ತಿರುಗಿಸಿಬಿಟ್ಟರೆ ಧಾರೆ ಎರೆಯುವ ಕೈ ಎಡಗೈ ಆಗುತ್ತದೆ, ಸೆರಗು ಬಲ ಭುಜಕ್ಕೆ ಬರುತ್ತದೆ. ಹಿರಿಯರು ಮೊದಲು ಹಿಡಿಯುವುದು ಅದನ್ನೇ.

ತಿದ್ದುಪಡಿಗಳನ್ನು ಒಟ್ಟಿಗೆ, ಶೀಟ್ ನಂಬರ್ ಹಾಕಿ, ಒಬ್ಬರೇ ಕಳಿಸಿ. ಅಕ್ಕ ಒಂದು, ಭಾವ ಒಂದು ಹೇಳಿದರೆ ನಾನು ಯಾರ ಮಾತು ಕೇಳಲಿ?

ಆಲ್ಬಂ ಕೈಗೆ ಬರಲು ಎಷ್ಟು ದಿನ?

ನೀವು ಫೋಟೋ ಆರಿಸಿ ಕೊಟ್ಟ ದಿನದಿಂದ ಲೆಕ್ಕ ಹಾಕಿ, ಮದುವೆ ದಿನದಿಂದ ಅಲ್ಲ. ಎಷ್ಟೋ ಆಲ್ಬಂ ತಡವಾಗುವುದು ಆರಿಸುವುದರಲ್ಲೇ. ಮಾಘದಿಂದ ವೈಶಾಖದ ತನಕ ಸ್ಟುಡಿಯೋದವರು ಒಂದು ಛತ್ರದಿಂದ ಇನ್ನೊಂದು ಛತ್ರಕ್ಕೆ ಓಡುತ್ತಿರುತ್ತಾರೆ, ಆಗ ಎಷ್ಟು ಫೋನ್ ಮಾಡಿದರೂ "ಆಗ್ತಾ ಇದೆ ಸಾರ್" ಅಷ್ಟೇ. ಆಷಾಢದಲ್ಲಿ ಮದುವೆ ಇಲ್ಲ, ಧನುರ್ಮಾಸದಲ್ಲೂ ಇಲ್ಲ. ಡಿಸೈನ್ ಮೇಲೆ ನಿಧಾನವಾಗಿ ಕೂರಲು ಅದೇ ಒಳ್ಳೆಯ ಹೊತ್ತು. ಅಷ್ಟರೊಳಗೆ ಫೋಲ್ಡರ್ ರೆಡಿ ಮಾಡಿ ಕೊಟ್ಟವರ ಕೆಲಸ ಮೊದಲು ಆಗುತ್ತದೆ.

ಮೂಲ ಫೋಟೋಗಳು ಯಾರವು? ಸ್ಟುಡಿಯೋದವರು ಕೊಡಲೇಬೇಕಾ?

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ಹೇಳಿ ತೆಗೆಸಿದ ಫೋಟೋದ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. "ಬೇರೆ ಒಪ್ಪಂದ" ಅನ್ನುವುದೇ ಇಲ್ಲಿ ಮುಖ್ಯ. ಅಡ್ವಾನ್ಸ್ ಕೊಡುವಾಗ ಸಹಿ ಹಾಕಿಸಿಕೊಳ್ಳುವ ಕಾಗದದಲ್ಲಿ ಏನಿದೆ ಓದಿ. ಎಲ್ಲ ಫೋಟೋಗಳೂ ಪೂರ್ತಿ ಸೈಜಿನಲ್ಲಿ ಸಿಗುತ್ತವಾ, ಆಲ್ಬಂ ಡಿಸೈನಿನ ಜೆಪೆಗ್ ಫೈಲುಗಳೂ ಸಿಗುತ್ತವಾ ಅಂತ ಆಗಲೇ ಕೇಳಿ ಬರೆಸಿ. ನಿಮ್ಮ ಫೋಟೋವನ್ನು ಅವರು ತಮ್ಮ ಜಾಹೀರಾತಿಗೆ ಹಾಕಿಕೊಳ್ಳುವುದು ಬೇಡ ಅಂತಿದ್ದರೆ ಅದನ್ನೂ ಅಲ್ಲೇ ಬರೆಸಿ.

ಆಲ್ಬಂ ಹಾಳಾಗದ ಹಾಗೆ ಇಡುವುದು ಹೇಗೆ?

ನಿಲ್ಲಿಸಬೇಡಿ, ಮಲಗಿಸಿ ಇಡಿ. ಗಟ್ಟಿ ಪುಟಗಳ ಭಾರಕ್ಕೆ ನಿಂತ ಆಲ್ಬಂನ ಬೈಂಡಿಂಗ್ ಜಗ್ಗಿಹೋಗುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಗಂಟು ಹಾಕಿದರೆ ಮಳೆಗಾಲದ ತೇವ ಒಳಗೇ ಉಳಿದು ಪುಟ ಪುಟಕ್ಕೆ ಅಂಟುತ್ತದೆ. ಹತ್ತಿ ಬಟ್ಟೆಯ ಚೀಲ ಒಳ್ಳೆಯದು. ನುಸಿಗುಳಿಗೆಯನ್ನು ಆಲ್ಬಂ ಒಳಗೆ ಹಾಕಬೇಡಿ, ಬದಲಿಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಬೀರುವಿನಲ್ಲಿ ಇಡಿ. ಪುಟ ಅಂಟಿಕೊಂಡಿದ್ದರೆ ಎಳೆಯಬೇಡಿ, ಸ್ಟುಡಿಯೋಗೆ ತಂದು ತೋರಿಸಿ.

ಪೆನ್‌ಡ್ರೈವ್ ಒಂದನ್ನೇ ನಂಬಬೇಡಿ. ಫೋಟೋಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ತವರುಮನೆಯಲ್ಲಿ ಇರಲಿ. ಸ್ಟುಡಿಯೋದವರು ಫೈಲುಗಳನ್ನು ಎಷ್ಟು ತಿಂಗಳು ಇಟ್ಟಿರುತ್ತಾರೆ ಅಂತ ಕೇಳಿಕೊಂಡು, ಅಷ್ಟರೊಳಗೆ ನಿಮ್ಮ ಪ್ರತಿ ಸರಿಯಾಗಿ ತೆರೆಯುತ್ತದಾ ನೋಡಿಬಿಡಿ.